ಪಾಡ್ ಬಿದ್ದಾಗ ಅದರ ಲಾಗ್ ಎಲ್ಲಿರುತ್ತದೆ? ಕ್ಯೂಬರ್ನೆಟಿಸ್‌ನಲ್ಲಿ ಕಮಾಂಡ್ ಲೈನ್‌ನಿಂದ ಲಾಗ್ ಓದುವುದು

ಕ್ಯೂಬರ್ನೆಟಿಸ್ ಅಂದರೆ ಹಲವು ಯಂತ್ರಗಳ ಗುಂಪಿನ ಮೇಲೆ ಪ್ರೋಗ್ರಾಂಗಳನ್ನು ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ. ಆ ಗುಂಪು ಕ್ಲಸ್ಟರ್, ಅದರ ಒಂದೊಂದು ಯಂತ್ರ ಒಂದು ನೋಡ್. ಪ್ರೋಗ್ರಾಂ ಓಡುವುದು ಕಂಟೇನರ್ ಅನ್ನುವ ಡಬ್ಬಿಯೊಳಗೆ, ಒಂದೋ ಹೆಚ್ಚೋ ಕಂಟೇನರ್ ಸೇರಿದ್ದು ಪಾಡ್. ಕ್ಲಸ್ಟರ್‌ನಲ್ಲಿ ಏನಾದರೂ ಕೆಟ್ಟರೆ ಬಹುತೇಕ ಎಲ್ಲರೂ ಮೊದಲು ಕೊಡುವ ಕಮಾಂಡ್ ಕ್ಯೂಬ್‌ಸಿಟಿಎಲ್ ಲಾಗ್ಸ್. ಸುಲಭದ ಕಮಾಂಡ್ ಇದು. ಪಾಡ್‌ನ ಹೆಸರು ಕೊಟ್ಟರೆ ಸಾಕು, ಒಳಗೆ ಓಡುತ್ತಿರುವ ಪ್ರೋಗ್ರಾಂ ಬರೆದದ್ದು ಪರದೆಯ ಮೇಲೆ ಬರುತ್ತದೆ. ಆದರೆ ತೀರಾ ಬೇಕಾದ ಹೊತ್ತಿನಲ್ಲೇ ಇದು ಕೈಕೊಟ್ಟಂತೆ ಕಾಣುತ್ತದೆ. ನಿನ್ನೆ ರಾತ್ರಿಯ ಲಾಗ್ ಹುಡುಕಿದರೆ ಇವತ್ತು ಬೆಳಗಿನದು ಮಾತ್ರ ಸಿಗುತ್ತದೆ. ಕ್ರ್ಯಾಶ್ ಆದ ಪಾಡ್‌ನ ಲಾಗ್ ಕೇಳಿದರೆ "ಸರ್ವರ್ ಶುರುವಾಯಿತು" ಅನ್ನುವ ಎರಡು ಸಾಲು ಬಿಟ್ಟು ಬೇರೇನೂ ಇರುವುದಿಲ್ಲ. ಮೂರು ಪಾಡ್ ಓಡುತ್ತಿದ್ದರೂ ಒಂದರ ಲಾಗ್ ಮಾತ್ರ ಬರುತ್ತದೆ.

ಇದರಲ್ಲಿ ಯಾವುದೂ ಕಮಾಂಡ್‌ನ ದೋಷ ಅಲ್ಲ. ಈ ಕಮಾಂಡ್ ಲಾಗ್‌ಗಳನ್ನು ಎಲ್ಲೂ ಕೂಡಿಡುವುದಿಲ್ಲ. ಯಾವುದೋ ಒಂದು ನೋಡ್‌ನ ಡಿಸ್ಕ್ ಮೇಲಿರುವ ಒಂದು ಫೈಲನ್ನು ಆ ಹೊತ್ತಿಗೆ ಓದಿ ತೋರಿಸುತ್ತದೆ, ಅಷ್ಟೇ. ಇದು ಮನಸ್ಸಿನಲ್ಲಿ ಕೂತರೆ ಮೇಲಿನ ಎಲ್ಲ ಪ್ರಶ್ನೆಗೂ ನೀವೇ ಉತ್ತರ ಹೇಳಬಹುದು. ಕ್ಯೂಬರ್ನೆಟಿಸ್ ಕಲಿಸುವ ಬಹಳಷ್ಟು ಕಡೆ ಕಮಾಂಡ್‌ಗಳ ಪಟ್ಟಿ ಕೊಟ್ಟು ಕೈಬಿಡುತ್ತಾರೆ. ಆ ಫೈಲ್ ಯಾವುದು, ಎಷ್ಟು ದಿನ ಇರುತ್ತದೆ ಅಂತ ಹೇಳುವುದಿಲ್ಲ. ಹೊಸದಾಗಿ ಆನ್-ಕಾಲ್‌ಗೆ (ಏನಾದರೂ ಕೆಟ್ಟಾಗ ಸರಿಪಡಿಸುವ ಪಾಳಿಗೆ) ಬಂದವರು ರಾತ್ರಿ ಎರಡು ಗಂಟೆಗೆ ಖಾಲಿ ಪರದೆ ನೋಡುತ್ತಾ ಕೂರುವುದು ಇದರಿಂದಲೇ.

ಒಂದು ಸೂಚನೆ: ಇಲ್ಲಿ ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವುಗಳ ಇಂಗ್ಲಿಷ್ ಸ್ಪೆಲಿಂಗನ್ನು ಸಣ್ಣ ಅಕ್ಷರಗಳಲ್ಲಿ ಹಾಕಿ.

ಒಂದು ಸಾಲು ನಡೆಯುವ ದಾರಿ

ಆನ್‌ಲೈನ್ ಅಂಗಡಿಯೊಂದರ ಆರ್ಡರ್ ಸರ್ವಿಸ್ ಇದೆ ಅಂದುಕೊಳ್ಳಿ. ಆರ್ಡರ್ ಬಂದಾಗ ಅದು "ಆರ್ಡರ್ 4521 ಸೇವ್ ಆಯಿತು" ಅಂತ ಒಂದು ಸಾಲು ಪ್ರಿಂಟ್ ಮಾಡುತ್ತದೆ. ಪ್ರೋಗ್ರಾಂ ಮಾಡುವ ಕೆಲಸ ಇಷ್ಟೇ, ಸ್ಟ್ಯಾಂಡರ್ಡ್ ಔಟ್‌ಪುಟ್‌ಗೋ ಸ್ಟ್ಯಾಂಡರ್ಡ್ ಎರರ್‌ಗೋ ಬರೆಯುವುದು. ಲ್ಯಾಪ್‌ಟಾಪ್‌ನಲ್ಲಿ ಓಡಿಸಿದರೆ ಎರಡೂ ನಿಮ್ಮ ಟರ್ಮಿನಲ್‌ಗೆ ಬಂದು ಬೀಳುತ್ತವೆ. ಕ್ಲಸ್ಟರ್‌ನಲ್ಲಿ ನೋಡುವವರು ಯಾರೂ ಇರುವುದಿಲ್ಲ. ಅಲ್ಲಿ ಆ ನೋಡ್‌ನ ಕಂಟೇನರ್ ರನ್‌ಟೈಮ್, ಅಂದರೆ ಕಂಟೇನರ್‌ಗಳನ್ನು ಓಡಿಸುವ ಸಾಫ್ಟ್‌ವೇರ್, ಈ ಎರಡು ದಾರಿಯಲ್ಲಿ ಬಂದದ್ದನ್ನೆಲ್ಲ ಹಿಡಿದು ಫೈಲಿಗೆ ಬರೆಯುತ್ತದೆ. ಈಗಿನ ಕ್ಲಸ್ಟರ್‌ಗಳಲ್ಲಿ ಆ ರನ್‌ಟೈಮ್ ಸಾಮಾನ್ಯವಾಗಿ ಕಂಟೇನರ್‌ಡಿ ಅಥವಾ ಕ್ರೈ-ಓ. ಡಾಕರ್ ಜೊತೆ ನೇರವಾಗಿ ಮಾತಾಡುತ್ತಿದ್ದ ಡಾಕರ್‌ಶಿಮ್ ಅನ್ನುವ ಭಾಗವನ್ನು 2022ರಲ್ಲಿ ಬಂದ 1.24ನೇ ಆವೃತ್ತಿಯಲ್ಲಿ ತೆಗೆದುಹಾಕಿದರು.

ಫೈಲ್ ಇರುವ ಜಾಗ ನೋಡ್‌ನ ಈ ಫೋಲ್ಡರ್:

/ವಾರ್/ಲಾಗ್/ಪಾಡ್ಸ್

ಅದರೊಳಗೆ ಪ್ರತಿ ಪಾಡ್‌ಗೂ ಒಂದು ಫೋಲ್ಡರ್. ನೇಮ್‌ಸ್ಪೇಸ್ (ಕ್ಲಸ್ಟರ್‌ನೊಳಗಿನ ಒಂದು ವಿಭಾಗ), ಪಾಡ್‌ನ ಹೆಸರು, ಪಾಡ್‌ನ ಯುಐಡಿ (ಪ್ರತಿ ಪಾಡ್‌ಗೂ ಬೇರೆಯಾದ ಗುರುತು) ಮೂರನ್ನೂ ಅಂಡರ್‌ಸ್ಕೋರ್‌ನಿಂದ ಜೋಡಿಸಿ ಅದಕ್ಕೆ ಹೆಸರಿಟ್ಟಿರುತ್ತಾರೆ. ಅದರೊಳಗೆ ಪ್ರತಿ ಕಂಟೇನರ್‌ಗೆ ಒಂದು ಫೋಲ್ಡರ್. ಅದರೊಳಗೆ 0.ಲಾಗ್ ಅನ್ನುವ ಫೈಲ್. ಕಂಟೇನರ್ ಒಮ್ಮೆ ರೀಸ್ಟಾರ್ಟ್ ಆದರೆ 1.ಲಾಗ್, ಮತ್ತೊಮ್ಮೆ ಆದರೆ 2.ಲಾಗ್. ಈ ನಂಬರ್ ನೆನಪಿಡಿ, ಮುಂದೆ ಬೇಕಾಗುತ್ತದೆ.

ಫೈಲಿನ ಒಂದೊಂದು ಸಾಲಿಗೂ ರನ್‌ಟೈಮ್ ಮುಂದೆ ಮೂರು ವಿಷಯ ಸೇರಿಸುತ್ತದೆ. ನ್ಯಾನೊಸೆಕೆಂಡ್‌ವರೆಗಿನ ಸಮಯ, ಯಾವ ದಾರಿಯಲ್ಲಿ ಬಂತು ಅನ್ನುವುದು, ಕೊನೆಗೆ ಎಫ್ ಅಥವಾ ಪಿ ಅನ್ನುವ ಒಂದು ಅಕ್ಷರ. ಎಫ್ ಅಂದರೆ ಸಾಲು ಪೂರ್ತಿ ಬಂದಿದೆ. ಪಿ ಅಂದರೆ ಸಾಲು ತುಂಬಾ ಉದ್ದ ಇತ್ತು, ತುಂಡು ಮಾಡಿದ್ದೇವೆ, ಉಳಿದದ್ದು ಮುಂದಿನ ಸಾಲಿನಲ್ಲಿದೆ. ಕಂಟೇನರ್‌ಡಿ ಮಾಮೂಲಿಯಾಗಿ 16 ಕೆಬಿಗೆ ತುಂಡು ಮಾಡುತ್ತದೆ. ಕ್ಯೂಬ್‌ಸಿಟಿಎಲ್‌ನಿಂದ ನೋಡಿದಾಗ ತುಂಡುಗಳು ಕೂಡಿಕೊಂಡೇ ಬರುತ್ತವೆ, ಹಾಗಾಗಿ ಇದು ಗೊತ್ತೇ ಆಗುವುದಿಲ್ಲ. ಉದ್ದದ ಜೇಸನ್ ಸಾಲುಗಳನ್ನು ಫೈಲಿನಿಂದ ನೇರವಾಗಿ ಓದುವ ಟೂಲ್ ಬಳಸುವವರಿಗೆ ಮಾತ್ರ ಇದು ಕಾಟ ಕೊಡುತ್ತದೆ.

ಈಗ ನೀವು ಲ್ಯಾಪ್‌ಟಾಪ್‌ನಲ್ಲಿ ಕೂತು ಹೀಗೆ ಕೇಳುತ್ತೀರಿ:

ಕ್ಯೂಬ್‌ಸಿಟಿಎಲ್ ಲಾಗ್ಸ್ ಆರ್ಡರ್-6ಬಿ8 -ಎನ್ ಶಾಪ್

ಇಲ್ಲಿ ಆರ್ಡರ್-6ಬಿ8 ಪಾಡ್‌ನ ಹೆಸರು, -ಎನ್ ಆದ ಮೇಲಿನ ಶಾಪ್ ನೇಮ್‌ಸ್ಪೇಸ್. ಈ ಕೋರಿಕೆ ಮೊದಲು ಕ್ಲಸ್ಟರ್‌ನ ಮುಂಬಾಗಿಲಾದ ಎಪಿಐ ಸರ್ವರ್‌ಗೆ ಹೋಗುತ್ತದೆ. ಅದು ನಿಮಗೆ ಅನುಮತಿ ಇದೆಯೇ ನೋಡುತ್ತದೆ. ಪಾಡ್ ಯಾವ ನೋಡ್‌ನಲ್ಲಿದೆ ಅಂತ ಪತ್ತೆ ಮಾಡುತ್ತದೆ. ಆಮೇಲೆ ಆ ನೋಡ್‌ನ ಪಾಡ್‌ಗಳನ್ನು ನೋಡಿಕೊಳ್ಳುವ ಕ್ಯೂಬ್‌ಲೆಟ್ ಅನ್ನುವ ಪ್ರೋಗ್ರಾಂಗೆ 10250ನೇ ಪೋರ್ಟ್ ಮೂಲಕ ಕರೆ ಮಾಡುತ್ತದೆ. ಕ್ಯೂಬ್‌ಲೆಟ್ ಫೈಲ್ ತೆರೆದು, ಮುಂದಿನ ಮೂರು ವಿಷಯ ತೆಗೆದು, ನಿಮ್ಮ ಪ್ರೋಗ್ರಾಂ ಬರೆದ ಮಾತನ್ನಷ್ಟೇ ಹಿಂದಕ್ಕೆ ಕಳಿಸುತ್ತದೆ. ಅದು ಬಂದ ದಾರಿಯಲ್ಲೇ ಎಪಿಐ ಸರ್ವರ್ ಹಾಯ್ದು ನಿಮ್ಮ ಪರದೆಗೆ ಬರುತ್ತದೆ.

ಈ ದಾರಿ ಗೊತ್ತಿದ್ದರೆ ಒಂದು ವಿಚಿತ್ರ ತೊಂದರೆ ತಟ್ಟನೆ ಅರ್ಥವಾಗುತ್ತದೆ. ಕೆಲವೊಮ್ಮೆ ಪಾಡ್‌ಗಳ ಪಟ್ಟಿ ಚೆನ್ನಾಗಿ ಬರುತ್ತದೆ, ಹೊಸ ಪಾಡ್ ಹಾಕಿದರೆ ಅದೂ ಓಡುತ್ತದೆ, ಲಾಗ್ ಕೇಳಿದರೆ ಮಾತ್ರ 10250 ಅಂತ ನಂಬರ್ ತೋರಿಸಿ ಟೈಮ್‌ಔಟ್ ಆಗುತ್ತದೆ. ಪಟ್ಟಿ ಕೊಡಲು ಎಪಿಐ ಸರ್ವರ್‌ಗೆ ತನ್ನ ಡೇಟಾಬೇಸ್ ಸಾಕು. ಲಾಗ್ ಕೊಡಲು ಅದು ನೋಡ್ ತನಕ ಹೋಗಲೇಬೇಕು. ನಡುವೆ ಫೈರ್‌ವಾಲ್ ಆ ಪೋರ್ಟನ್ನು ತಡೆದಿದ್ದರೆ ಲಾಗ್ ಬರುವುದಿಲ್ಲ, ಎಕ್ಸೆಕ್ (ಕಂಟೇನರ್ ಒಳಗೆ ಕಮಾಂಡ್ ಓಡಿಸುವುದು) ಕೂಡ ಆಗುವುದಿಲ್ಲ. ಹಾಗಾಗಿ ಈ ಎರಡೂ ಒಟ್ಟಿಗೆ ಕೆಟ್ಟರೆ ನಿಮ್ಮ ಆ್ಯಪನ್ನು ಬಿಟ್ಟು ನೆಟ್‌ವರ್ಕ್ ನೋಡಿ. ನೋಡ್ ಸತ್ತು ನಾಟ್ ರೆಡಿ ಆದಾಗ ಅದರ ಮೇಲಿನ ಪಾಡ್‌ಗಳ ಲಾಗ್ ಸಿಗದಿರುವುದಕ್ಕೂ ಇದೇ ಕಾರಣ. ಫೈಲ್ ಇರುವುದು ಆ ನೋಡ್‌ನ ಹೊಟ್ಟೆಯಲ್ಲೇ, ಅಲ್ವಾ.

ದಿನಬಳಕೆಯ ಮಾತು

ಏನೂ ಸೇರಿಸದೆ ಕೊಟ್ಟರೆ ಈ ಕಮಾಂಡ್ ಫೈಲಿನಲ್ಲಿರುವುದನ್ನೆಲ್ಲ ಸುರಿಯುತ್ತದೆ. ಅದೆಲ್ಲ ಎಪಿಐ ಸರ್ವರ್ ಮೂಲಕವೇ ಹಾಯಬೇಕು. ಸುಮ್ನೆ ಅದರ ಮೇಲೆ ಭಾರ ಯಾಕೆ? ಕೊನೆಯ ಐವತ್ತು ಸಾಲು ಸಾಕಾದರೆ --ಟೇಲ್=50 ಹಾಕಿ. ಕಳೆದ ಹತ್ತು ನಿಮಿಷದ್ದು ಬೇಕಾದರೆ --ಸಿನ್ಸ್=10ಎಂ. ಬರುತ್ತಿರುವುದನ್ನು ಹಾಗೇ ನೋಡುತ್ತಾ ಇರಲು -ಎಫ್. ನನ್ನ ಮಟ್ಟಿಗೆ -ಎಫ್ ಯಾವತ್ತೂ --ಟೇಲ್ ಜೊತೆಗೇ ಬರಬೇಕು. ಇಲ್ಲದಿದ್ದರೆ ಹಳೆಯದೆಲ್ಲ ಓಡಿ ಮುಗಿಯುವ ತನಕ ಹೊಸದು ಕಾಣುವುದಿಲ್ಲ.

ಸಮಯದ ವಿಷಯದಲ್ಲಿ ಸ್ವಲ್ಪ ಹುಷಾರಾಗಿರಬೇಕು. --ಟೈಮ್‌ಸ್ಟ್ಯಾಂಪ್ಸ್ ಹಾಕಿದರೆ ರನ್‌ಟೈಮ್ ಬರೆದ ಸಮಯ ಪ್ರತಿ ಸಾಲಿನ ಮುಂದೆ ಬರುತ್ತದೆ. ನೋಡ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಂಗಳೂರಿನಲ್ಲಿ ರಾತ್ರಿ 9:15ಕ್ಕೆ ತೊಂದರೆ ಆಯಿತು ಅಂದರೆ ಲಾಗ್‌ನಲ್ಲಿ 15:45 ಹುಡುಕಬೇಕು. ತಲೆಯಲ್ಲಿ ಲೆಕ್ಕ ಹಾಕುವ ಬದಲು --ಸಿನ್ಸ್-ಟೈಮ್ ಬಳಸಬಹುದು. ಅದಕ್ಕೆ ತಾರೀಖು ಮತ್ತು ಸಮಯ ಕೊಟ್ಟು ಕೊನೆಯಲ್ಲಿ +05:30 ಅಂತ ಸೇರಿಸಿದರೆ ನಮ್ಮ ಸಮಯವನ್ನೇ ಅರ್ಥ ಮಾಡಿಕೊಳ್ಳುತ್ತದೆ. ಆದರೆ "ಇಲ್ಲಿಂದ" ಅಂತ ಹೇಳಬಹುದೇ ಹೊರತು "ಇಲ್ಲಿಯ ತನಕ" ಅಂತ ಹೇಳುವ ಆಯ್ಕೆ ಈ ಕಮಾಂಡ್‌ನಲ್ಲಿಲ್ಲ. ಕೊನೆಯನ್ನು ಗ್ರೆಪ್ ಅಥವಾ ಆಕ್ ಅನ್ನುವ, ಸಾಲು ಸೋಸುವ ಕಮಾಂಡ್‌ಗಳಿಂದ ನೀವೇ ಕತ್ತರಿಸಿಕೊಳ್ಳಬೇಕು.

ಸತ್ತ ಕಂಟೇನರ್ ಕೊನೆಗೆ ಏನು ಹೇಳಿತು?

ಈ ಭಾಗವನ್ನು ನಿಧಾನವಾಗಿ ಓದಿ. ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ.

ಪ್ರೋಗ್ರಾಂ ಕ್ರ್ಯಾಶ್ ಆದಾಗ ಕ್ಯೂಬ್‌ಲೆಟ್ ಅದೇ ಪಾಡ್‌ನೊಳಗೆ ಹೊಸ ಕಂಟೇನರ್ ಶುರು ಮಾಡುತ್ತದೆ. ಪಾಡ್ ಹಳೆಯದೇ, ಹೆಸರೂ ಹಳೆಯದೇ. ಕಂಟೇನರ್ ಮಾತ್ರ ಹೊಸದು, ಅದಕ್ಕೆ ಲಾಗ್ ಫೈಲೂ ಹೊಸದು. ನೀವು ಲಾಗ್ ಕೇಳಿದರೆ ಹೊಸ ಕಂಟೇನರ್‌ನದ್ದು ಸಿಗುತ್ತದೆ. ಅದು ಈಗಷ್ಟೇ ಎದ್ದಿದೆ, ಅದಕ್ಕೇ "ಸರ್ವರ್ ಶುರುವಾಯಿತು" ಬಿಟ್ಟು ಏನೂ ಇಲ್ಲ. ಸಾಯುವ ಮೊದಲಿನ ಎರರ್ ಇರುವುದು ಹಿಂದಿನ ಫೈಲಿನಲ್ಲಿ. ಅದನ್ನು ತರಲು:

ಕ್ಯೂಬ್‌ಸಿಟಿಎಲ್ ಲಾಗ್ಸ್ ಆರ್ಡರ್-6ಬಿ8 -ಎನ್ ಶಾಪ್ --ಪ್ರೀವಿಯಸ್

ಚಿಕ್ಕದಾಗಿ -ಪಿ ಅಂದರೂ ಆಗುತ್ತದೆ. ಇದು ಒಂದೇ ಹೆಜ್ಜೆ ಹಿಂದೆ ಹೋಗುತ್ತದೆ. ಏಳು ಸಲ ರೀಸ್ಟಾರ್ಟ್ ಆಗಿದ್ದರೆ ಏಳನೆಯ ಸಲ ಎಬ್ಬಿಸುವ ಮುಂಚೆ ಸತ್ತದ್ದು ಮಾತ್ರ ಸಿಗುತ್ತದೆ, ಮೊದಲ ಸಲ ಸತ್ತದ್ದು ಸಿಗುವುದಿಲ್ಲ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಕ್ಯೂಬ್‌ಲೆಟ್ ಸತ್ತ ಕಂಟೇನರ್‌ಗಳಲ್ಲಿ ತೀರಾ ಇತ್ತೀಚಿನ ಒಂದನ್ನು ಇಟ್ಟುಕೊಂಡು ಅದಕ್ಕಿಂತ ಹಳೆಯದನ್ನು ಗುಡಿಸಿಹಾಕುತ್ತದೆ. ಮೊದಲ ಸಾವಿಗೂ ಆಮೇಲಿನ ಸಾವುಗಳಿಗೂ ಕಾರಣ ಬೇರೆ ಇರಬಹುದು. ಮೊದಲ ಸಲ ಮೆಮೊರಿ ಸಾಲದೆ ಸತ್ತು, ಆಮೇಲೆ ಪ್ರತಿ ಸಲ ಲಾಕ್ ಫೈಲ್ ಉಳಿದುಬಿಟ್ಟಿದೆ ಅಂತ ಸಾಯುತ್ತಿರಬಹುದು. ಹಾಗಾಗಿ ರೀಸ್ಟಾರ್ಟ್ ಸಂಖ್ಯೆ ಇನ್ನೂ ಒಂದು ಇರುವಾಗಲೇ ನೋಡುವುದು ಒಳ್ಳೆಯದು.

ಕ್ರ್ಯಾಶ್‌ಲೂಪ್‌ಬ್ಯಾಕ್ಆಫ್ ಅನ್ನುವ ಸ್ಥಿತಿಯಲ್ಲಿ ಇನ್ನೊಂದು ಗೊಂದಲ ಕಾಣುತ್ತದೆ. ಕಂಟೇನರ್ ಪದೇ ಪದೇ ಸಾಯುತ್ತಿದ್ದರೆ ಕ್ಯೂಬ್‌ಲೆಟ್ ಪ್ರತಿ ಸಲ ಜಾಸ್ತಿ ಹೊತ್ತು ಕಾದು ಮತ್ತೆ ಎಬ್ಬಿಸುತ್ತದೆ. ಮಾಮೂಲಿಯಾಗಿ ಮೊದಲು 10 ಸೆಕೆಂಡ್, ಆಮೇಲೆ 20, 40, ಹೀಗೆ ದುಪ್ಪಟ್ಟಾಗುತ್ತಾ 5 ನಿಮಿಷಕ್ಕೆ ನಿಲ್ಲುತ್ತದೆ. ಕಾಯುತ್ತಿರುವ ಹೊತ್ತಲ್ಲಿ ಓಡುತ್ತಿರುವ ಕಂಟೇನರ್ ಇಲ್ಲ. ಆಗ -ಪಿ ಇಲ್ಲದೆ ಕೇಳಿದರೂ ಈಗ ತಾನೇ ಸತ್ತದ್ದರ ಲಾಗ್ ಪೂರ್ತಿ ಬರುತ್ತದೆ. ಹೊಸ ಕಂಟೇನರ್ ಎದ್ದ ಕೂಡಲೇ ಅದೇ ಕಮಾಂಡ್‌ಗೆ ಎರಡು ಸಾಲು ಬರುತ್ತದೆ. ಒಂದು ನಿಮಿಷದ ಹಿಂದೆ ಕಂಡ ಎರರ್ ಈಗ ಎಲ್ಲಿ ಹೋಯಿತು ಅಂತ ಜನ ಗಾಬರಿ ಆಗುವುದು ಇಲ್ಲೇ. ಅದು ಎಲ್ಲೂ ಹೋಗಿಲ್ಲ, -ಪಿ ಹಿಂದೆ ಇದೆ.

-ಪಿಗೂ ಸಿಗದ ಒಂದು ಸಂದರ್ಭ ಇದೆ. ಕಂಟೇನರ್ ರೀಸ್ಟಾರ್ಟ್ ಆಗುವುದು ಬೇರೆ, ಪಾಡ್ ಬದಲಾಗುವುದು ಬೇರೆ. ಹೊಸ ಆವೃತ್ತಿ ಹಾಕಿದಾಗ, ಯಾರೋ ಪಾಡ್ ಡಿಲೀಟ್ ಮಾಡಿದಾಗ, ನೋಡನ್ನು ಖಾಲಿ ಮಾಡಿದಾಗ ಹಳೆ ಪಾಡ್ ಹೋಗಿ ಹೊಸ ಪಾಡ್ ಬರುತ್ತದೆ. ಹೋದ ಪಾಡ್‌ನ ಜೊತೆ ಅದರ ಲಾಗ್ ಫೋಲ್ಡರೂ ನೋಡ್‌ನಿಂದ ಅಳಿಯುತ್ತದೆ. ಹೊಸ ಪಾಡ್‌ಗೆ "ಹಿಂದಿನದು" ಅಂತ ಯಾವುದೂ ಇಲ್ಲ, ಹಾಗಾಗಿ ಹಿಂದಿನ ಕಂಟೇನರ್ ಸಿಗಲಿಲ್ಲ ಅನ್ನುವ ಎರರ್ ಬರುತ್ತದೆ. ಎರಡರಲ್ಲಿ ಯಾವುದು ಆಗಿದೆ ಅಂತ ತಿಳಿಯಲು ಪಾಡ್‌ಗಳ ಪಟ್ಟಿಯಲ್ಲಿ (ಕ್ಯೂಬ್‌ಸಿಟಿಎಲ್ ಗೆಟ್ ಪಾಡ್ಸ್) ರೀಸ್ಟಾರ್ಟ್ಸ್ ಮತ್ತು ಏಜ್ ಅನ್ನುವ ಎರಡು ಕಾಲಂ ನೋಡಿ. ವಯಸ್ಸು ಮೂರು ದಿನ, ರೀಸ್ಟಾರ್ಟ್ ಎರಡು ಅಂದರೆ ಕಂಟೇನರ್ ಸತ್ತಿದೆ, -ಪಿ ಕೆಲಸ ಮಾಡುತ್ತದೆ. ವಯಸ್ಸು ನಾಲ್ಕು ನಿಮಿಷ, ರೀಸ್ಟಾರ್ಟ್ ಸೊನ್ನೆ ಅಂದರೆ ಪಾಡೇ ಹೊಸದು. ಪಾಡ್ ಒಂದು ಡಿಪ್ಲಾಯ್‌ಮೆಂಟ್‌ಗೆ (ಒಂದೇ ಥರದ ಪಾಡ್‌ಗಳನ್ನು ನಡೆಸುವ ವ್ಯವಸ್ಥೆಗೆ) ಸೇರಿದ್ದರೆ ಹೆಸರಿನ ಬಾಲ ಬದಲಾಗಿರುವುದರಿಂದಲೂ ಗೊತ್ತಾಗುತ್ತದೆ. ಪಾಡ್‌ಗಳಿಗೆ ಸ್ಥಿರ ಹೆಸರು ಕೊಡುವ ಸ್ಟೇಟ್‌ಫುಲ್‌ಸೆಟ್‌ನಲ್ಲಿ ಹೊಸ ಪಾಡ್‌ಗೂ ಹಳೆಯ ಹೆಸರೇ ಇರುವುದರಿಂದ ಹೆಸರು ನಂಬಬೇಡಿ, ವಯಸ್ಸು ನೋಡಿ.

ಪಾಡ್ ಡಿಲೀಟ್ ಮಾಡಿ ನೋಡೋಣ, ಸರಿಹೋಗಬಹುದು ಅನ್ನುವುದು ಎಲ್ಲ ಟೀಮ್‌ಗಳಲ್ಲೂ ಕೇಳಿಬರುವ ಮಾತು. ಸರಿಹೋಗಲೂಬಹುದು. ಆದರೆ ಆ ಒಂದು ಕಮಾಂಡ್ ಸಾಕ್ಷಿಯನ್ನೂ ಅಳಿಸುತ್ತದೆ. ಡಿಲೀಟ್ ಮಾಡುವ ಮುಂಚೆ ಈಗಿನ ಲಾಗ್, -ಪಿ ಲಾಗ್, ಪಾಡ್‌ನ ಸ್ಥಿತಿ ವಿವರಿಸುವ ಕ್ಯೂಬ್‌ಸಿಟಿಎಲ್ ಡಿಸ್ಕ್ರೈಬ್ ಪಾಡ್ ಕಮಾಂಡ್‌ನ ಔಟ್‌ಪುಟ್ ಮೂರನ್ನೂ ಮೂರು ಫೈಲಿಗೆ ಉಳಿಸಿಕೊಳ್ಳಿ. ಅರ್ಧ ನಿಮಿಷದ ಕೆಲಸ. ಇದನ್ನು ನಾನು ಯಾವ ಟೀಮ್‌ಗಾದರೂ ಮೊದಲು ಹೇಳುತ್ತೇನೆ.

ಕೆಲವು ಸಲ ಹಿಂದಿನ ಲಾಗ್ ಸಿಕ್ಕರೂ ಅದರಲ್ಲಿ ಎರರ್ ಇರುವುದಿಲ್ಲ. ಕೆಲಸದ ಮಧ್ಯದಲ್ಲೇ ಲಾಗ್ ನಿಂತುಹೋಗಿರುತ್ತದೆ. ಆಗ ಡಿಸ್ಕ್ರೈಬ್ ಪಾಡ್ ಕೊಟ್ಟು ಲಾಸ್ಟ್ ಸ್ಟೇಟ್ ಅನ್ನುವಲ್ಲಿ ಎಕ್ಸಿಟ್ ಕೋಡ್ ನೋಡಿ. 137 ಇದ್ದು ಕಾರಣ ಊಮ್‌ಕಿಲ್ಡ್ ಅಂತ ಇದ್ದರೆ ಮೆಮೊರಿ ಮಿತಿ ದಾಟಿದ್ದಕ್ಕೆ ಕರ್ನೆಲ್ ಅದನ್ನು ಕೊಂದಿದೆ. 128ಕ್ಕೆ ಕಿಲ್ ಸಿಗ್ನಲ್‌ನ ನಂಬರ್ 9 ಕೂಡಿಸಿದರೆ 137. ಈ ಸಿಗ್ನಲ್ ಬಂದಾಗ ಪ್ರೋಗ್ರಾಂಗೆ ಒಂದು ಸಾಲು ಬರೆಯಲೂ ಸಮಯ ಸಿಗುವುದಿಲ್ಲ. ಹಾಗಾಗಿ ಲಾಗ್‌ನಲ್ಲಿ ಎಷ್ಟು ಹುಡುಕಿದರೂ ಉತ್ತರ ಇಲ್ಲ. 137 ಇದ್ದು ಊಮ್‌ಕಿಲ್ಡ್ ಇಲ್ಲದಿದ್ದರೆ, ನಿಲ್ಲು ಅಂತ ಹೇಳಿದರೂ ನಿಲ್ಲದೆ ಗಡುವು ಮೀರಿದ್ದಕ್ಕೆ ಕ್ಯೂಬ್‌ಲೆಟ್ ಕೊಂದಿರಬಹುದು. ಲೈವ್‌ನೆಸ್ ಪ್ರೋಬ್ (ಪ್ರೋಗ್ರಾಂ ಬದುಕಿದೆಯೇ ಅನ್ನುವ ಪರೀಕ್ಷೆ) ಸೋತಾಗ ಹೀಗಾಗುವುದುಂಟು. 143 ಅಂದರೆ ನಿಲ್ಲು ಅಂದಾಗಲೇ ನಿಂತಿದೆ.

ಫೈಲ್ ತುಂಬಿದಾಗ

ಲಾಗ್ ಫೈಲ್ ಹೀಗೇ ಬೆಳೆಯುತ್ತಾ ಹೋದರೆ ನೋಡ್‌ನ ಡಿಸ್ಕ್ ತುಂಬುತ್ತದೆ. ಅದಕ್ಕೆ ಕ್ಯೂಬ್‌ಲೆಟ್ ಆಗಾಗ ಫೈಲ್ ಬದಲಾಯಿಸುತ್ತದೆ. ಮಾಮೂಲಿ ಮಿತಿ 10 ಎಂಬಿ, ಒಂದು ಕಂಟೇನರ್‌ಗೆ ಒಟ್ಟು 5 ಫೈಲ್. 10 ಎಂಬಿ ಆದ ಕೂಡಲೇ ಈಗಿನ ಫೈಲಿಗೆ ತಾರೀಖಿನ ಬಾಲ ಸೇರಿಸಿ ಪಕ್ಕಕ್ಕಿಡುತ್ತದೆ, ಹೊಸದನ್ನು ಶುರು ಮಾಡುತ್ತದೆ. ಹಳೆಯವನ್ನು ಜಿಜಿಪ್ ಮಾಡಿ ಚಿಕ್ಕದು ಮಾಡುತ್ತದೆ. ಐದು ದಾಟಿದರೆ ತೀರಾ ಹಳೆಯದನ್ನು ಅಳಿಸುತ್ತದೆ.

ಕ್ಯೂಬ್‌ಸಿಟಿಎಲ್ ಲಾಗ್ಸ್ ಈ ಐದರಲ್ಲಿ ಓದುವುದು ಒಂದನ್ನೇ, ಈಗ ಬರೆಯುತ್ತಿರುವುದನ್ನು. ಪಕ್ಕಕ್ಕಿಟ್ಟ ನಾಲ್ಕು ಫೈಲ್ ಡಿಸ್ಕ್‌ನಲ್ಲೇ ಇದ್ದರೂ ಅದರ ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ಸರ್ವಿಸ್ ನಿಮಿಷಕ್ಕೆ 1 ಎಂಬಿ ಲಾಗ್ ಬರೆಯುತ್ತಿದೆ ಅಂದುಕೊಳ್ಳಿ. ಆಗ --ಸಿನ್ಸ್=1ಎಚ್ ಅಂತ ಒಂದು ಗಂಟೆಯದ್ದು ಕೇಳಿದರೂ ಹೆಚ್ಚೆಂದರೆ ಸುಮಾರು ಹತ್ತು ನಿಮಿಷದ್ದು ಬರುತ್ತದೆ. ಫೈಲ್ ಈಗಷ್ಟೇ ಬದಲಾಗಿದ್ದರೆ ಹತ್ತಿಪ್ಪತ್ತು ಸಾಲು ಬರಬಹುದು. ಪೂರ್ತಿ ಕೊಡಲಿಲ್ಲ ಅನ್ನುವ ಎಚ್ಚರಿಕೆಯೂ ಬರುವುದಿಲ್ಲ. ಇದು ನಿಜಕ್ಕೂ ಅಪಾಯ. ಆ ಗಂಟೆಯಲ್ಲಿ ಎರರ್ ಇರಲಿಲ್ಲ ಅಂತ ನೀವು ನಂಬಿ ಬೇರೆ ಕಡೆ ಹುಡುಕಲು ಹೋಗುತ್ತೀರಿ. ಆದ್ದರಿಂದ --ಸಿನ್ಸ್ ಹಾಕಿದಾಗಲೆಲ್ಲ --ಟೈಮ್‌ಸ್ಟ್ಯಾಂಪ್ಸ್ ಕೂಡ ಹಾಕಿ. ಬಂದ ಮೊದಲ ಸಾಲಿನ ಸಮಯ ನೀವು ಕೇಳಿದ ಸಮಯಕ್ಕಿಂತ ಎಷ್ಟು ಈಚೆಗಿದೆ ಅಂತ ನೋಡಿ.

ಮಿತಿ ಎಷ್ಟಿದೆ ಅನ್ನುವುದು ಕ್ಲಸ್ಟರ್ ನಡೆಸುವವರ ಕೈಯಲ್ಲಿದೆ. ಕ್ಯೂಬ್‌ಲೆಟ್‌ನ ಸೆಟ್ಟಿಂಗ್‌ನಲ್ಲಿ ಕಂಟೇನರ್ ಲಾಗ್ ಮ್ಯಾಕ್ಸ್ ಸೈಜ್, ಕಂಟೇನರ್ ಲಾಗ್ ಮ್ಯಾಕ್ಸ್ ಫೈಲ್ಸ್ ಅನ್ನುವ ಎರಡು ಸಾಲು ಅದನ್ನು ನಿರ್ಧರಿಸುತ್ತವೆ.

ಪಾಡ್ ಜಾಸ್ತಿ, ಕಂಟೇನರ್ ಜಾಸ್ತಿ

ಒಂದು ಪಾಡ್‌ನಲ್ಲಿ ಎರಡು ಮೂರು ಕಂಟೇನರ್ ಇರುವುದು ಈಗ ಸಾಮಾನ್ಯ. ಆ್ಯಪ್ ಒಂದು, ಪಕ್ಕದಲ್ಲಿ ಪ್ರಾಕ್ಸಿಯ ಸೈಡ್‌ಕಾರ್ (ಸಹಾಯಕ ಕಂಟೇನರ್) ಇನ್ನೊಂದು. ಯಾವುದು ಅಂತ ಹೇಳದಿದ್ದರೆ ಕ್ಯೂಬ್‌ಸಿಟಿಎಲ್ ಒಂದನ್ನು ತಾನೇ ಆರಿಸಿಕೊಂಡು, ಇಷ್ಟರಲ್ಲಿ ಇದನ್ನು ತೆಗೆದುಕೊಂಡೆ ಅಂತ ಮೇಲೆ ಒಂದು ಸಾಲು ಬರೆಯುತ್ತದೆ. ಆ ಸಾಲನ್ನು ಓದದೆ ಮುಂದೆ ಹೋಗಬೇಡಿ. ಬೇಕಾದ ಕಂಟೇನರ್‌ನ ಹೆಸರನ್ನು -ಸಿ ಹಾಕಿ ಕೊಡಿ. ಎಲ್ಲವೂ ಬೇಕಾದರೆ --ಆಲ್-ಕಂಟೇನರ್ಸ್.

ಮುಖ್ಯ ಕಂಟೇನರ್‌ಗಿಂತ ಮೊದಲು ಓಡಿ ತಯಾರಿ ಮಾಡುವ ಇನಿಟ್ ಕಂಟೇನರ್‌ಗಳಿಗೆ -ಸಿ ಬೇಕೇ ಬೇಕು. ಪಾಡ್‌ನ ಸ್ಥಿತಿ ಇನಿಟ್ ಅಂತ ಶುರುವಾಗಿ ಎರರ್ ಅಥವಾ ಕ್ರ್ಯಾಶ್‌ಲೂಪ್ ಅಂತ ಮುಗಿದಿದ್ದರೆ ಮುಖ್ಯ ಕಂಟೇನರ್ ಇನ್ನೂ ಹುಟ್ಟೇ ಇಲ್ಲ. ಅದರ ಲಾಗ್ ಕೇಳಿದರೆ ಪಾಡ್ ಇನಿಷಿಯಲೈಸಿಂಗ್ ಅನ್ನುವ ಉತ್ತರ ಬರುತ್ತದೆ. ಡಿಸ್ಕ್ರೈಬ್‌ನಲ್ಲಿ ಇನಿಟ್ ಕಂಟೇನರ್‌ನ ಹೆಸರು ನೋಡಿ -ಸಿ ಜೊತೆ ಕೊಟ್ಟರೆ ಅದು ಯಾಕೆ ಒದ್ದಾಡುತ್ತಿದೆ ಅಂತ ಕಾಣುತ್ತದೆ. ಬಹುಪಾಲು ಡೇಟಾಬೇಸ್ ಮೈಗ್ರೇಶನ್ ಆಗಿರುತ್ತದೆ, ಇಲ್ಲವೇ ಯಾವುದೋ ಸರ್ವಿಸ್‌ಗೆ ಕಾಯುತ್ತಿರುತ್ತದೆ.

ಪಾಡ್‌ಗಳು ಹಲವು ಇದ್ದಾಗ ಬಹಳ ಜನ ಡಿಪ್ಲಾಯ್‌ಮೆಂಟ್‌ನ ಹೆಸರು ಕೊಡುತ್ತಾರೆ:

ಕ್ಯೂಬ್‌ಸಿಟಿಎಲ್ ಲಾಗ್ಸ್ ಡಿಪ್ಲಾಯ್‌ಮೆಂಟ್/ಆರ್ಡರ್

ಇದು ಎಲ್ಲ ಪಾಡ್‌ಗಳ ಲಾಗ್ ಕೊಡುವುದಿಲ್ಲ. ಇಷ್ಟು ಪಾಡ್ ಸಿಕ್ಕವು, ಇದನ್ನು ಬಳಸುತ್ತಿದ್ದೇನೆ ಅಂತ ಹೇಳಿ ಒಂದನ್ನೇ ತೋರಿಸುತ್ತದೆ. ಎಲ್ಲವೂ ಬೇಕಾದರೆ ಲೇಬಲ್ (ಪಾಡ್‌ಗೆ ಅಂಟಿಸಿದ ಗುರುತುಚೀಟಿ) ಹಿಡಿದು ಕೇಳಬಹುದು:

ಕ್ಯೂಬ್‌ಸಿಟಿಎಲ್ ಲಾಗ್ಸ್ -ಎಲ್ ಆ್ಯಪ್=ಆರ್ಡರ್ --ಪ್ರಿಫಿಕ್ಸ್ --ಟೈಮ್‌ಸ್ಟ್ಯಾಂಪ್ಸ್ --ಟೇಲ್=-1

ಕೊನೆಯಲ್ಲಿರುವ --ಟೇಲ್=-1 ಅಲಂಕಾರಕ್ಕೆ ಹಾಕಿದ್ದಲ್ಲ. ಒಂದು ಪಾಡ್‌ನ ಹೆಸರು ಕೊಟ್ಟಾಗ ಎಲ್ಲ ಸಾಲು ಬರುತ್ತದೆ. ಲೇಬಲ್ ಕೊಟ್ಟಾಗ ಅದೇ ಕಮಾಂಡ್ ಪ್ರತಿ ಪಾಡ್‌ನಿಂದ ಕೊನೆಯ 10 ಸಾಲು ಮಾತ್ರ ತರುತ್ತದೆ. ಎಲ್ಲ ಬೇಕು ಅನ್ನುವುದನ್ನು -1 ಹೇಳುತ್ತದೆ. --ಪ್ರಿಫಿಕ್ಸ್ ಹಾಕಿದರೆ ಯಾವ ಸಾಲು ಯಾವ ಪಾಡ್‌ನದು ಅಂತ ಮುಂದೆ ಬರುತ್ತದೆ. ಇನ್ನೊಂದು ವಿಷಯ, -ಎಫ್ ಇಲ್ಲದಿದ್ದಾಗ ಒಂದು ಪಾಡ್‌ನದು ಮುಗಿದ ಮೇಲೆ ಇನ್ನೊಂದರದು ಬರುತ್ತದೆ, ಸಮಯದ ಪ್ರಕಾರ ಬೆರೆತು ಬರುವುದಿಲ್ಲ. ಮೂರು ಪಾಡ್‌ಗಳಲ್ಲಿ ಯಾವುದು ಮೊದಲು ಕೆಟ್ಟಿತು ಅಂತ ನೋಡಬೇಕಾದರೆ ಔಟ್‌ಪುಟ್ಟನ್ನು ಸಾರ್ಟ್ -ಕೆ2ಗೆ ಪೈಪ್ ಮಾಡಿ. ಎರಡನೇ ಕಾಲಂ ಸಮಯ ಆಗಿರುವುದರಿಂದ ಸಾಲುಗಳು ಆದ ಕ್ರಮದಲ್ಲಿ ಕೂರುತ್ತವೆ. ಹಲವು ಸಾಲಿನ ಸ್ಟ್ಯಾಕ್ ಟ್ರೇಸ್ ಇದ್ದರೆ ಅದರ ನಡುವೆ ಬೇರೆ ಪಾಡ್‌ನ ಸಾಲು ನುಗ್ಗಬಹುದು, ಪ್ರಿಫಿಕ್ಸ್ ನೋಡಿಕೊಂಡು ಓದಿ.

ಲೇಬಲ್ ಜೊತೆ -ಎಫ್ ಹಾಕಿದರೆ ಒಮ್ಮೆಗೆ 5 ಸ್ಟ್ರೀಮ್ ಮಾತ್ರ. ಜಾಸ್ತಿ ಬೇಕಾದರೆ --ಮ್ಯಾಕ್ಸ್-ಲಾಗ್-ರಿಕ್ವೆಸ್ಟ್ಸ್ ಏರಿಸಬೇಕು. ಕಂಟೇನರ್ ಸತ್ತರೆ -ಎಫ್ ಅಲ್ಲಿಗೇ ನಿಲ್ಲುತ್ತದೆ, ಹೊಸದನ್ನು ತಾನಾಗಿ ಹಿಡಿಯುವುದಿಲ್ಲ. ಹೊಸ ಆವೃತ್ತಿ ಹಾಕುತ್ತಾ ಲಾಗ್ ನೋಡುವವರಿಗೆ ಇದು ದೊಡ್ಡ ಕೊರತೆ. ಅಂಥ ಕೆಲಸಕ್ಕೆ ಸ್ಟರ್ನ್ ಅನ್ನುವ ಚಿಕ್ಕ ಓಪನ್ ಸೋರ್ಸ್ ಟೂಲ್ ಚೆನ್ನಾಗಿದೆ. ಹೊಸ ಪಾಡ್ ಬಂದ ಹಾಗೆ ಅದನ್ನೂ ಸೇರಿಸಿಕೊಳ್ಳುತ್ತದೆ, ಒಂದೊಂದು ಪಾಡ್‌ಗೆ ಒಂದೊಂದು ಬಣ್ಣ ಕೊಡುತ್ತದೆ.

ಓಡುತ್ತಿದೆ, ಆದರೆ ಲಾಗ್ ಖಾಲಿ

ಪಾಡ್ ರನ್ನಿಂಗ್ ಅಂತಿದೆ, ರೀಸ್ಟಾರ್ಟ್ ಇಲ್ಲ, ಲಾಗ್ ಮಾತ್ರ ಖಾಲಿ. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ.

ಮೊದಲನೆಯದು ಬಫರ್. ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದ್ದರೆ ಪೈಥಾನ್ ಸಾಲು ಮುಗಿದ ಕೂಡಲೇ ಬರೆಯುತ್ತದೆ. ಪೈಪ್‌ಗೆ ಹೋಗುತ್ತಿದ್ದರೆ ಕೆಲವು ಕಿಲೋಬೈಟ್ ಸೇರುವ ತನಕ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಸಿ ಭಾಷೆಯ ಪ್ರಿಂಟ್‌ಎಫ್ ಕೂಡ ಹೀಗೇ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಾಣುವ ಪ್ರಿಂಟ್ ಸಾಲುಗಳು ಕ್ಲಸ್ಟರ್‌ನಲ್ಲಿ ಮಾಯ ಆಗುವುದು ಇದಕ್ಕೇ. ಪ್ರೋಗ್ರಾಂ 137ರಲ್ಲಿ ಸತ್ತರೆ ಬಫರ್‌ನಲ್ಲಿದ್ದದ್ದು ಅದರ ಜೊತೆಗೇ ಹೋಗುತ್ತದೆ, ಯಾವ ಫೈಲಿಗೂ ಬರುವುದಿಲ್ಲ. ಪರಿಹಾರ ಸುಲಭ. ಪೈಥಾನ್‌ಅನ್‌ಬಫರ್ಡ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಡಿ. ಈ ಹೆಸರನ್ನು ಮಾತ್ರ ಪೂರ್ತಿ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಇನ್ನೂ ಒಳ್ಳೆಯದು ಪ್ರಿಂಟ್ ಬಿಟ್ಟು ಪೈಥಾನ್‌ನ ಲಾಗಿಂಗ್ ಮಾಡ್ಯೂಲ್ ಬಳಸುವುದು. ಅದು ಮಾಮೂಲಿಯಾಗಿ ಸ್ಟ್ಯಾಂಡರ್ಡ್ ಎರರ್‌ಗೆ ಬರೆಯುತ್ತದೆ, ಪ್ರತಿ ಸಾಲಿಗೂ ಬಫರ್ ಖಾಲಿ ಮಾಡುತ್ತದೆ.

ಎರಡನೆಯದು, ಆ್ಯಪ್ ತನ್ನ ಲಾಗನ್ನು ಕಂಟೇನರ್ ಒಳಗಿನ ಒಂದು ಫೈಲಿಗೆ ಬರೆಯುತ್ತಿರುವುದು. ರನ್‌ಟೈಮ್ ಆ ಫೈಲ್ ಕಡೆ ತಿರುಗಿಯೂ ನೋಡುವುದಿಲ್ಲ. ಎನ್‌ಜಿನ್ಎಕ್ಸ್ ವೆಬ್ ಸರ್ವರ್‌ನ ಅಧಿಕೃತ ಇಮೇಜ್ (ಕಂಟೇನರ್ ಶುರು ಮಾಡುವ ಅಚ್ಚು) ಇದಕ್ಕೆ ಸೊಗಸಾದ ಉಪಾಯ ಮಾಡಿದೆ. ಎನ್‌ಜಿನ್ಎಕ್ಸ್ ಹಳೆಯ ಅಭ್ಯಾಸದಂತೆ ಆಕ್ಸೆಸ್.ಲಾಗ್, ಎರರ್.ಲಾಗ್ ಎಂಬ ಫೈಲ್‌ಗಳಿಗೇ ಬರೆಯುತ್ತದೆ. ಆದರೆ ಇಮೇಜ್‌ನಲ್ಲಿ ಆ ಎರಡು ಹೆಸರೂ ಬರೀ ಸಿಮ್‌ಲಿಂಕ್. ಒಂದು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ, ಇನ್ನೊಂದು ಸ್ಟ್ಯಾಂಡರ್ಡ್ ಎರರ್‌ಗೆ ಕೊಂಡಿ. ನಿಮ್ಮ ಹಳೆಯ ಆ್ಯಪ್‌ನ ಕೋಡ್ ಮುಟ್ಟುವ ಹಾಗಿಲ್ಲ ಅಂದರೆ ಇದನ್ನೇ ಮಾಡಿ.

ಕಂಟೇನರ್ ಶುರುವೇ ಆಗದಿದ್ದರೆ ಲಾಗ್ ಇರಲು ಸಾಧ್ಯ ಇಲ್ಲ. ಪೆಂಡಿಂಗ್, ಇಮೇಜ್‌ಪುಲ್‌ಬ್ಯಾಕ್ಆಫ್ ಅಂತ ಕಂಡರೆ ಡಿಸ್ಕ್ರೈಬ್ ಪಾಡ್‌ನ ಕೊನೆಯಲ್ಲಿರುವ ಇವೆಂಟ್ಸ್ ನೋಡಿ. ಇವೆಂಟ್‌ಗಳು ಮಾಮೂಲಿಯಾಗಿ ಒಂದು ಗಂಟೆ ಮಾತ್ರ ಉಳಿಯುತ್ತವೆ.

ಕ್ಯೂಬ್‌ಸಿಟಿಎಲ್ ಇಲ್ಲದೆ

ಎಪಿಐ ಸರ್ವರೇ ಬಿದ್ದಿದೆ ಅಂದುಕೊಳ್ಳಿ. ಆಗ ಕ್ಯೂಬ್‌ಸಿಟಿಎಲ್‌ನಿಂದ ಏನೂ ಆಗದು. ಆದರೆ ಫೈಲ್ ನೋಡ್‌ನಲ್ಲೇ ಇದೆ. ಎಸ್‌ಎಸ್‌ಎಚ್ ಮಾಡಿ ನೋಡ್‌ಗೆ ಹೋಗಿ, ಕ್ರೈಸಿಟಿಎಲ್ ಪಿಎಸ್ -ಎ (ರನ್‌ಟೈಮನ್ನು ನೇರವಾಗಿ ಕೇಳುವ ಕಮಾಂಡ್) ಕೊಟ್ಟರೆ ಸತ್ತವೂ ಸೇರಿ ಎಲ್ಲ ಕಂಟೇನರ್‌ಗಳು ಕಾಣುತ್ತವೆ. ಅಲ್ಲಿಂದ ಐಡಿ ತೆಗೆದುಕೊಂಡು ಕ್ರೈಸಿಟಿಎಲ್ ಲಾಗ್ಸ್‌ಗೆ ಕೊಡಿ. ಕ್ಯೂಬ್‌ಎಡಿಎಂ ಅನ್ನುವ ಟೂಲ್‌ನಿಂದ ಕಟ್ಟಿದ ಕ್ಲಸ್ಟರ್‌ನಲ್ಲಿ ಎಪಿಐ ಸರ್ವರ್ ಕೂಡ ಒಂದು ಕಂಟೇನರ್, ಹಾಗಾಗಿ ಅದು ಯಾಕೆ ಬಿತ್ತು ಅನ್ನುವುದೂ ಇಲ್ಲೇ ಸಿಗುತ್ತದೆ. ಕ್ಯೂಬ್‌ಲೆಟ್ ಮಾತ್ರ ಕಂಟೇನರ್ ಅಲ್ಲ, ಅದರ ಲಾಗ್‌ಗೆ ಜರ್ನಲ್‌ಸಿಟಿಎಲ್ -ಯು ಕ್ಯೂಬ್‌ಲೆಟ್.

ಪಕ್ಕಕ್ಕಿಟ್ಟ ಹಳೆಯ ಫೈಲ್‌ಗಳನ್ನು ಓದುವುದೂ ಇಲ್ಲಿಂದಲೇ. /ವಾರ್/ಲಾಗ್/ಪಾಡ್ಸ್ ಒಳಗೆ ಹೋಗಿ ಝಡ್‌ಕ್ಯಾಟ್‌ನಿಂದ ಜಿಜಿಪ್ ಫೈಲ್ ತೆರೆಯಿರಿ. ಎಸ್‌ಎಸ್‌ಎಚ್ ಇಲ್ಲದ ಕ್ಲೌಡ್ ಕ್ಲಸ್ಟರ್‌ಗಳಲ್ಲಿ ಎಪಿಐ ಸರ್ವರ್ ಚೆನ್ನಾಗಿದ್ದು ನಿಮಗೆ ಸಾಕಷ್ಟು ಅನುಮತಿ ಇದ್ದರೆ:

ಕ್ಯೂಬ್‌ಸಿಟಿಎಲ್ ಡಿಬಗ್ ನೋಡ್/ನೋಡ್-1 -ಐಟಿ --ಇಮೇಜ್=ಬಿಸಿಬಾಕ್ಸ್

ಇದು ಆ ನೋಡ್ ಮೇಲೆ ಒಂದು ಪಾಡ್ ತೆರೆದು ನೋಡ್‌ನ ಡಿಸ್ಕನ್ನು /ಹೋಸ್ಟ್ ಒಳಗೆ ತೋರಿಸುತ್ತದೆ. ಅಲ್ಲಿ /ಹೋಸ್ಟ್/ವಾರ್/ಲಾಗ್/ಪಾಡ್ಸ್ ನೋಡಿ. ಕೆಲಸ ಮುಗಿದ ಮೇಲೆ ಈ ಡಿಬಗ್ ಪಾಡನ್ನು ಅಳಿಸಿ, ಅದು ತಾನಾಗಿ ಹೋಗುವುದಿಲ್ಲ.

ದಿನ, ವಾರಗಳ ಲಾಗ್ ಬೇಕಾದವರಿಗೆ ಇವು ಯಾವುವೂ ಸಾಲದು. ಫ್ಲುಯೆಂಟ್ ಬಿಟ್‌ನಂಥ ಟೂಲನ್ನು ಡೀಮನ್‌ಸೆಟ್ ಆಗಿ ಪ್ರತಿ ನೋಡ್‌ನಲ್ಲೂ ಓಡಿಸಬೇಕು. ಅದು ಇದೇ ಫೈಲ್‌ಗಳನ್ನು ಓದಿ ಲಾಗ್ ಕೂಡಿಡುವ ಲೋಕಿಗೋ ಎಲಾಸ್ಟಿಕ್‌ಸರ್ಚ್‌ಗೋ ಕಳಿಸುತ್ತದೆ. ಆಗ ಪಾಡ್ ಹೋದರೂ ಲಾಗ್ ಉಳಿಯುತ್ತದೆ. ಗ್ರಾಹಕರ ಹಣ ಅಥವಾ ಆರೋಗ್ಯದ ಮಾಹಿತಿ ನಿಭಾಯಿಸುವ ಯಾವ ಸರ್ವಿಸನ್ನೂ ಇದಿಲ್ಲದೆ ಓಡಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಾರು ಓದಬಹುದು?

ಲಾಗ್ ಓದಲು ಪಾಡ್ ನೋಡುವ ಅನುಮತಿ ಸಾಲದು. ಯಾರಿಗೆ ಯಾವ ಅನುಮತಿ ಅಂತ ನಿರ್ಧರಿಸುವ ಆರ್‌ಬಿಎಸಿಯಲ್ಲಿ ಪಾಡ್ಸ್/ಲಾಗ್ ಅಂತ ಬೇರೆಯೇ ಒಂದು ಹೆಸರಿದೆ, ಅದರ ಮೇಲೆ ಗೆಟ್ ಅನುಮತಿ ಬೇಕು. ಪಟ್ಟಿ ಕಾಣುತ್ತದೆ, ಲಾಗ್ ಕೇಳಿದರೆ ಫರ್ಬಿಡನ್ ಬರುತ್ತದೆ ಅಂದರೆ ಇದೇ ಕಾರಣ.

ಇದರ ಇನ್ನೊಂದು ಮುಖದ ಬಗ್ಗೆ ಹೆಚ್ಚು ಎಚ್ಚರ ಬೇಕು. ಕ್ಯೂಬರ್ನೆಟಿಸ್ ಜೊತೆಗೇ ಬರುವ ವ್ಯೂ ಅನ್ನುವ ರೋಲ್ (ಅನುಮತಿಗಳ ಕಟ್ಟು) ಸೀಕ್ರೆಟ್‌ಗಳನ್ನು (ಪಾಸ್‌ವರ್ಡ್‌ನಂಥ ಗುಟ್ಟುಗಳನ್ನು) ಓದಲು ಬಿಡುವುದಿಲ್ಲ. ಆದರೆ ಲಾಗ್ ಓದಲು ಬಿಡುತ್ತದೆ. ನಿಮ್ಮ ಆ್ಯಪ್ ಶುರುವಾಗುವಾಗ ಎಲ್ಲ ಸೆಟ್ಟಿಂಗ್ ಪ್ರಿಂಟ್ ಮಾಡಿ ಅದರಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಕೂಡ ಇದ್ದರೆ, ಬರೀ ನೋಡುವ ಅನುಮತಿ ಇದ್ದವರಿಗೂ ಅದು ಸಿಕ್ಕಿತು. ಮೇಲೆ ಹೇಳಿದ ಟೂಲ್ ಅದನ್ನು ಇನ್ನೊಂದು ಸರ್ವರ್‌ಗೂ ಕಳಿಸಿರುತ್ತದೆ. ನಿಮ್ಮ ನೇಮ್‌ಸ್ಪೇಸ್‌ನಲ್ಲಿ ಒಬ್ಬರಿಗೆ ಲಾಗ್ ಓದುವ ಅನುಮತಿ ಇದೆಯೇ ಅಂತ ನೋಡಲು:

ಕ್ಯೂಬ್‌ಸಿಟಿಎಲ್ ಆತ್ ಕ್ಯಾನ್-ಐ ಗೆಟ್ ಪಾಡ್ಸ್ --ಸಬ್‌ರಿಸೋರ್ಸ್=ಲಾಗ್ -ಎನ್ ಶಾಪ್ --ಆ್ಯಸ್=ಯೂಸರ್-ಹೆಸರು

ಉತ್ತರ ಯೆಸ್ ಅಥವಾ ನೋ ಅಂತ ಬರುತ್ತದೆ. ಇನ್ನೊಬ್ಬರ ಹೆಸರಿನಲ್ಲಿ ಹೀಗೆ ಕೇಳಲು ನಿಮಗೆ ಇಂಪರ್ಸೊನೇಟ್ ಅನುಮತಿ ಇರಬೇಕು. ಇಲ್ಲದಿದ್ದರೆ ಕೊನೆಯ ಭಾಗ ಬಿಟ್ಟು ನಿಮ್ಮದನ್ನೇ ಪರೀಕ್ಷಿಸಿಕೊಳ್ಳಿ.